ಎಂಟು ನಿಮಿಷ

ಮರಿನ್ಯ ಗ್ರಾಂದೆಯ ಗಾಜಿನ ಕಾರ್ಖಾನೆಗೆ
ಇದು ನನ್ನ ನಾಲ್ಕನೆಯ ಪ್ರಯಾಣ.
ಚೀಲದಲ್ಲಿ ಅದೇ ಲ್ಯಾಪ್‌ಟಾಪು, ಅದೇ ಇಪ್ಪತ್ತೆರಡು ಸ್ಲೈಡು,
ಅದೇ ಕೊನೆಯ ಸಾಲು:
ಅಳವಡಿಸಲು ಬೇಕಾದದ್ದು ಬರೀ ಎಂಟು ನಿಮಿಷ.

ಲೆಕ್ಕದ ವಿಭಾಗದ ಗ್ರಾಸಿಯೆತ್
ಕಾಫಿ ತರಿಸಿ, ಬಾಗಿಲು ಮುಚ್ಚಿ,
ಕನ್ನಡಕ ತೆಗೆದಿಟ್ಟು ಕೇಳಿದಳು:
"ಹೊಸ ಅಚ್ಚು ಕೊಂಡರೆ ಬಾಟಲಿ ಬರುತ್ತದೆ, ಎಣಿಸುತ್ತೇನೆ.
ಲಾರಿ ಕೊಂಡರೆ ಓಡಿದ ದೂರ ಬರೆದಿಡುತ್ತೇನೆ.
ನೀನು ಮಾರುವುದು ಏನೂ ಆಗದಿರುವುದನ್ನು.
ಆಗದೇ ಹೋದದ್ದನ್ನು, ಲಿಯೊನಿಲ್ದೆ,
ಯಾವ ಕಾಲಮ್ಮಿನಲ್ಲಿ ಬರೆಯಲಿ?"

ಉತ್ತರ ಹದಿನಾಲ್ಕನೆಯ ಸ್ಲೈಡಿನಲ್ಲಿತ್ತು.
ತೋರಿಸಲಿಲ್ಲ.
ಕೆಂಪು ಗೆರೆ ಏರುವ ಆ ಚಿತ್ರವನ್ನು
ಹೆದರಿಸಲೆಂದೇ ಬರೆದವರು ನಾವು. ಅವಳಿಗೂ ಗೊತ್ತು.

ಮಾಲೀಕರ ಮಗ ಅಂದ, ಪಕ್ಕದವರು ಮೊದಲು ಹಾಕಿಸಲಿ, ನೋಡೋಣ.
ಪಕ್ಕದವರು ಹೋದ ವಾರ ಇವನ ಹೆಸರು ಹೇಳಿದ್ದರು.

ಆಮೇಲೆ ಕುಲುಮೆಯ ಕೋಣೆ.
ಅಲ್ಲಿ ಅದೆರಿತೊ, ಮೂವತ್ತೊಂದು ವರ್ಷದ ನೌಕರಿ,
ಹುಬ್ಬು ಸುಟ್ಟು ಸುಟ್ಟು ಇಲ್ಲವೇ ಆಗಿರುವ ಮನುಷ್ಯ.
ಅವನ ಕಂಪ್ಯೂಟರು ಹಳದಿಗಟ್ಟಿದ ಹಲ್ಲಿನ ಹಾಗೆ.
ಪಾಸ್‌ವರ್ಡು ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ,
ಮಾಸಿದಾಗಲೆಲ್ಲ ಯಾರೋ ತಿದ್ದಿ ಬರೆದದ್ದು.
ನನ್ನ ಎದೆ ಧಸಕ್ಕೆಂದಿತು. ಅವನಿಗೆ ಅದು ಕ್ಯಾಲೆಂಡರು.

"ಎಂಟು ನಿಮಿಷ ಇದನ್ನು ನಿಲ್ಲಿಸಬೇಕು, ಅಷ್ಟೇ," ಎಂದೆ.

ಮಾತಾಡದೆ ನೀಲಿ ಗಾಜಿನ ತುಂಡೊಂದು ಕೈಗಿತ್ತು
ಇಣುಕುಗಂಡಿಯ ಮುಚ್ಚಳ ಸರಿಸಿದ.
ಜ್ವಾಲೆ ಕಾಣಲಿಲ್ಲ.
ಒಂದು ಬಿಳಿ. ಅದರೊಳಗೆ ಇನ್ನೂ ಬಿಳಿಯಾದ ಕೆರೆ,
ಅಲುಗದೆ ನಿಂತ ನೂರೈವತ್ತು ಟನ್ನು ಗಾಜು.
"ಹನ್ನೆರಡು ವರ್ಷದಿಂದ ಇದು ತಣ್ಣಗಾಗಿಲ್ಲ.
ಕ್ರಿಸ್ಮಸ್ಸಿಗೂ ಇಲ್ಲ. ನನ್ನ ಅವ್ವನ ಮಣ್ಣಿನ ದಿನವೂ ಇಲ್ಲ.

ಅದಕ್ಕೆ ಮುಂಚೆ ನಿಮ್ಮಂಥವನೇ ಒಬ್ಬ ಬಂದಿದ್ದ, ಟೈ ಕಟ್ಟಿಕೊಂಡು.
ಅವನ ಹೊಸ ಕಾವಲು ಈಸ್ಟರಿನ ನಸುಕಿನಲ್ಲಿ ಎದ್ದು
ಅನಿಲದ ಲೆಕ್ಕ ನೋಡುವ ನಮ್ಮ ಹಳೇ ಪ್ರೋಗ್ರಾಮನ್ನು
ಯಾರೋ ಗುರುತಿಲ್ಲದವನು ಅಂತ ಕುತ್ತಿಗೆ ಹಿಡಿಯಿತು.
ಫೋನು ಮಾಡಿದೆವು. ಹಬ್ಬ, ಯಾರೂ ಎತ್ತಲಿಲ್ಲ.
ಅದರ ಕೈ ಬಿಡಿಸುವಷ್ಟರಲ್ಲಿ ಎರಡು ದಿನ. ಕೆರೆ ಕಲ್ಲಾಗಿತ್ತು.
ಒಡೆದು ತೆಗೆಯಲು ಹನ್ನೊಂದು ವಾರ.
ಕುಸ್ತೋದಿಯೊನ ಒಂದು ಕಣ್ಣು ಹೋದದ್ದು ಆಗಲೇ."

ಮುಚ್ಚಳ ಎಳೆದ.
"ಕಳ್ಳ ಇನ್ನೂ ಬಂದಿಲ್ಲ.
ಕಾವಲುಗಾರ ಒಮ್ಮೆ ಬಂದಿದ್ದ."

ಹೇಳಬಹುದಿತ್ತು: ಈ ಕಳ್ಳ ಬಾಗಿಲು ತಟ್ಟುವುದಿಲ್ಲ,
ಗೋಡೆಯ ಸೀಮೆಸುಣ್ಣ ಓದಿಕೊಂಡು ಎಂದೋ ಒಳಗೆ ಬಂದು
ನಿನ್ನ ಪಕ್ಕದಲ್ಲೇ ಕೈ ಕಾಯಿಸುತ್ತ ಕೂತಿರಬಹುದು.
ಹೇಳಿದೆ ಕೂಡ.
ಅವನು ತಲೆಯಾಡಿಸಿದ,
ಬೇರೆ ಊರಿನ ಹವಾಮಾನ ಕೇಳುವವನಂತೆ.

ಕಪಾಟು ತೆರೆದ.
ಟವೆಲಿನಲ್ಲಿ ಸುತ್ತಿಟ್ಟ ಮೂರು ಹಳೇ ಕಂಪ್ಯೂಟರು,
ಅದೇ ಮಾಡೆಲ್ಲು, ಲೈರಿಯದ ಗುಜರಿಯಿಂದ
ಸ್ವಂತ ದುಡ್ಡು ಕೊಟ್ಟು ಹುಡುಕಿ ತಂದವು.
ವಾರಕ್ಕೊಮ್ಮೆ ಬಿಚ್ಚಿ ಧೂಳು ಒರೆಸುತ್ತಾನಂತೆ,
ಚಾಲೂ ಮಾಡಿ ಸದ್ದು ಕೇಳುತ್ತಾನಂತೆ.
ನನ್ನ ಇಪ್ಪತ್ತೆರಡು ಸ್ಲೈಡುಗಳಲ್ಲಿ ಇದಕ್ಕೆ ಹೆಸರಿಲ್ಲ.
ನಿರ್ಲಕ್ಷ್ಯ ಎಂದು ಬರೆದುಕೊಳ್ಳಲು ತೆಗೆದ ಪೆನ್ನನ್ನು
ಹಾಗೇ ಒಳಗಿಟ್ಟೆ.

"ಇಟ್ಟಿಗೆ ಬದಲಿಸಲು ಇನ್ನು ನಾಲ್ಕು ವರ್ಷಕ್ಕೆ ಕುಲುಮೆ ಆರುತ್ತದೆ.
ಸೆಪ್ಟೆಂಬರು, ಸೋಮವಾರ. ಅಂದು ಬನ್ನಿ.
ಎಂಟು ನಿಮಿಷ ಯಾಕೆ, ಎಂಟು ದಿನ ಕೊಡುತ್ತೇನೆ."

"ಅಷ್ಟರೊಳಗೆ ಅವನು ಬಂದರೆ?"

ಅದೆರಿತೊ ನೀಲಿ ಗಾಜನ್ನು ಅಂಗಿಯ ಚುಂಗಿನಲ್ಲಿ ಒರೆಸಿ
ಜೇಬಿಗೆ ಹಾಕಿಕೊಂಡ.
"ಬಂದರೆ ಅವನಿಗೂ ಇದನ್ನೇ ಹೇಳುತ್ತೇನೆ.
ಏನು ಬೇಕೋ ಒಯ್ಯಿ.
ಬೆಂಕಿ ಮಾತ್ರ ಆರಿಸಬೇಡ."