ಚಹರೆ ಪಟ್ಟಿ

ಎತ್ತರ ಎಷ್ಟು, ಕೇಳಿದ ಪೊಲೀಸ್ ಹುಡುಗ.
ಅವನಿಗೇ ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲ.
ಹೊರಗೆ ಪುಂತಾ ಅರೇನಾಸಿನ ಗಾಳಿ
ಯಾರದೋ ಮಾಡಿನ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು.
ನಾನು ಎಲಿಯಾನಳ ಮುಖ ನೋಡಿದೆ,
ಅವಳು ನನ್ನ ಕೈ ನೋಡಿದಳು.

ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗೀಟುಗಳಿವೆ.
ಐದು ವರ್ಷ, ಆರು,
ಹಟ ಹಿಡಿದು ಹಾಕಿಸಿಕೊಂಡ ಏಳೂವರೆ,
ಹನ್ನೊಂದಕ್ಕೆ ನಿಂತಿವೆ.
ಆಮೇಲೆ ಯಾಸ್ನಾ ಬೆಳೆದದ್ದು
ಬಟ್ಟೆ ಮುಚ್ಚಿಟ್ಟ ಹಿಟ್ಟು ಉಬ್ಬುವ ಹಾಗೆ,
ಚಿಲಕ ಹಾಕಿದ ಕೋಣೆಯೊಳಗೆ.

ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವವನು ನಾನು.
ಕಬ್ಬಿಣದ ಹಲಗೆ ಕೂದಲೆಳೆಯಷ್ಟು ಸರಿದರೂ ಕಣ್ಣಿಗೆ ಚುಚ್ಚುತ್ತದೆ.
ಮಗಳ ಎತ್ತರಕ್ಕೆ ಬರಿಗಾಳಿಯಲ್ಲಿ ಅಂಗೈ ಹಿಡಿದೆ:
ಇಷ್ಟಿರಬಹುದು.
ಎಲಿಯಾನ ಮಾತಾಡದೆ
ಆ ಅಂಗೈಯನ್ನು ಒಂದು ಗೇಣು ಮೇಲೆತ್ತಿದಳು.

ಏನು ತೊಟ್ಟಿದ್ದಳು?
ನನ್ನ ಹಳೇ ಕೆಲಸದ ಕೋಟು, ಕಿಡಿ ಹಾರಿ ತೋಳೆಲ್ಲ ತೂತು.
ದುಡ್ಡು ಒಯ್ದಿದ್ದಾಳೆಯೇ?
ಇಲ್ಲ. ಕಳ್ಳಿಯಲ್ಲ, ಎಂದೆ ಸ್ವಲ್ಪ ಜೋರಾಗಿಯೇ.
ಒಯ್ದಿದ್ದರೆ ಚೆನ್ನಾಗಿತ್ತು.

ಗುರುತು? ಮಚ್ಚೆ, ಗಾಯ?
ಎಡಹುಬ್ಬಿನ ಮೇಲೊಂದು, ಎಂದಳು ಎಲಿಯಾನ.
ಹೇಗಾಯಿತು?
ಬಿದ್ದು, ಎಂದೆ ನಾನು.

ಬಿದ್ದದ್ದು ನಿಜ. ಪಿಂಗಾಣಿ ಬಟ್ಟಲು ಬಿತ್ತು.
ಗೋಡೆಗೆ ಎಸೆದದ್ದು ಎಂದು ಮೂರು ವರ್ಷದಿಂದ
ನನಗೆ ನಾನೇ ಹೇಳಿಕೊಂಡಿದ್ದೇನೆ.
ಕುರಿ ಕತ್ತರಿಸುವ ಕತ್ತರಿಯಲ್ಲಿ ಅವತ್ತು
ತಲೆಗೂದಲು ಕತ್ತರಿಸಿಕೊಂಡು ನಗುತ್ತ ಬಂದಿದ್ದಳು,
ಅಷ್ಟೇ. ಬೇರೇನೂ ಇಲ್ಲ.
ಹುಡುಗ ಬರೆದುಕೊಂಡ: ಬಿದ್ದು.
ಅಕ್ಷರ ದುಂಡಗಿತ್ತು.

ನಮ್ಮೂರಲ್ಲಿ ಗಾಳಿ ಕೆರಳಿದರೆ
ಬೀದಿ ಮೂಲೆಗೆ ಹಗ್ಗ ಕಟ್ಟುತ್ತಾರೆ, ಹಿಡಿದು ದಾಟಲು.
ಆರು ವರ್ಷದವಳು ಹಗ್ಗ ಮುಟ್ಟಲಿಲ್ಲ,
ನನ್ನ ಸೊಂಟದ ಬೆಲ್ಟು ಹಿಡಿದು ದಾಟಿದಳು.
ಅದೇ ಬೆಲ್ಟು.
ಇರಲಿ.

ಹತ್ತೊಂಬತ್ತನೆಯ ರಾತ್ರಿ ಫೋನು.
ಅಮ್ಮ ಇದ್ದಾಳಾ, ಎಂದಿತು ದನಿ.
ಅಮ್ಮ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ನೆಲ ಒರೆಸುತ್ತಿದ್ದಳು.
ಇಡಬೇಡ, ಎಂದೆ.
ಆಚೆಯಿಂದ ಗಾಳಿ, ಈಚೆಯಿಂದಲೂ ಅದೇ ಗಾಳಿ.
ಎಲ್ಲಿದ್ದೀ ಎನ್ನಬೇಕಿತ್ತು, ಉಂಡೆಯಾ ಎನ್ನಬೇಕಿತ್ತು,
ವಾಪಸು ಬಾ ಎನ್ನಲು ನಾಲಿಗೆ ಹಸಿಯಿರಲಿಲ್ಲ.
ಬಾಯಿಂದ ಬಂದದ್ದು:
ಈಗ ನೀನು ಎಷ್ಟು ಎತ್ತರ?

ತುಂಬ ಹೊತ್ತು ಏನೂ ಇಲ್ಲ.
ಆಮೇಲೆ ಎದ್ದು ನಿಂತ ಸದ್ದು, ಕುರ್ಚಿ ಸರಿದ ಸದ್ದು,
ಯಾರನ್ನೋ ಕರೆದು ಅಳೆಸಿಕೊಂಡಳೋ ಏನೋ.
ಒಂದು ಮೀಟರ್ ಅರವತ್ತೆಂಟು, ಎಂದಳು.
ಬೂಟು ಬಿಚ್ಚಿ.
ಇಟ್ಟುಬಿಟ್ಟಳು.

ಬಾಗಿಲಿಗೆ ಗೀಟು ಎಳೆಯಲಿಲ್ಲ.
ತಲೆಯಿಲ್ಲದ ಗೀಟು ಯಾಕೆ?

ಬೆಳಗ್ಗೆ ಠಾಣೆಯಲ್ಲಿ ಅದೇ ಹುಡುಗ.
ಎರಡು ತಿದ್ದುಪಡಿ ಇದೆ, ಎಂದೆ.
ಮೊದಲನೆಯದನ್ನು ಹೇಳಿದೆ, ಬರೆದುಕೊಂಡ.
ಎರಡನೆಯದಕ್ಕೆ
ಪೆನ್ನು ಹಿಡಿದು ಕಾಯುತ್ತ ಕೂತ.