ಅಳಿಸಬೇಡಿ

ಗುರುವಾರ ನಾಲ್ಕು ಗಂಟೆ. ಕುತೈಸಿಯ ಗಣಿತ ವಿಭಾಗದಲ್ಲಿ
ಹನ್ನೊಂದು ವರ್ಷದಿಂದ ಅತಿಥಿಗಳ ಉಸ್ತುವಾರಿ ನನ್ನದು:
ಭಿತ್ತಿಪತ್ರ, ಬಿಸ್ಕತ್ತು, ಹೋಟೆಲಿನ ಕೀಲಿ,
ಬರುವವರ ಹೆಸರು ನಾಲಿಗೆಯಲ್ಲಿ ಹೊರಳುವ ತನಕ
ಬಚ್ಚಲ ಕನ್ನಡಿಗೆ ಹೇಳಿಕೊಳ್ಳುವುದು.
ಐಲಿ ರೌತಿಯೋ. ಐಲಿ ರೌತಿಯೋ. ಫಿನ್ಲೆಂಡಿನ ಓಲು.

ವ್ಯಾನಿನಿಂದ ಇಳಿದವಳೇ ಕೇಳಿದ್ದು ಹಗ್ಗ.
‘ಬಟ್ಟೆ ಒಣಹಾಕುವುದಾದರೂ ಸರಿ.’
ಸಂತೆಯಲ್ಲಿ ಅಕ್ರೋಟು ಮಾರುವವಳ ಪಕ್ಕ
ನೀಲಿ ನೈಲಾನು, ಆರು ಮೀಟರು, ನಾಲ್ಕು ಲಾರಿ.
ರಸೀತಿ ಕೇಳಿದ್ದಕ್ಕೆ ಅಂಗಡಿಯವ ನಕ್ಕು
ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಟ್ಟ.

ಬಂದವರು ಒಂಬತ್ತು ಮಂದಿ.
ಹೀಟರಿನ ಪಕ್ಕದ ಕುರ್ಚಿಗಳು ಮೊದಲು ತುಂಬಿದವು.
ಚಹಕ್ಕೆಂದೇ ಬರುವ ಭೌತವಿಜ್ಞಾನದ ಮೆರಾಬ್,
ಟಿಪ್ಪಣಿಯ ಅಂಚಿನಲ್ಲಿ ಕುದುರೆ ಬಿಡಿಸುವ ಹುಡುಗ ಲಷಾ,
ಮುಂದಿನ ಸಾಲಲ್ಲಿ, ಕೋಟು ಕಳಚದೆ, ಇರೊದಿ ಮೇಷ್ಟ್ರು.
ಎಂಬತ್ತಮೂರು. ನಿವೃತ್ತಿಯ ಸುದ್ದಿಯನ್ನು
ಯಾರೂ ಅವರಿಗೆ ಗಟ್ಟಿಯಾಗಿ ಹೇಳಿಲ್ಲ.
ನನ್ನ ಪರಿಚಯದ ಮಾತು ಮುಗಿಯುವ ಮೊದಲೇ
ಅವರ ಗದ್ದ ಎದೆಗೆ ತಾಗಿತ್ತು.

ಅವಳು ಸುತ್ತಿದಳು, ತೂರಿಸಿದಳು, ಎಳೆದಳು.
ಮೆರಾಬನ ಲೈಟರು ಇಸಕೊಂಡು
ಎರಡೂ ತುದಿ ಕರಗಿಸಿ ಒಂದಕ್ಕೊಂದು ಒತ್ತಿ
ಸುಟ್ಟ ಬೆರಳಿಗೆ ಊದಿಕೊಂಡಳು.
‘ತುದಿ ಇರುವ ತನಕ ಇದು ಬರೀ ಸಿಕ್ಕು.
ತುದಿ ಇಲ್ಲವಾದ ಮೇಲೆ ಗಂಟು.’

ಪ್ರಶ್ನೆ ಇಷ್ಟೆ: ಈ ಹಗ್ಗ,
ಗೋಡೆ ಹಾಯುವ ದೆವ್ವದ ಹಾಗೆ,
ತನ್ನ ಮೈಯನ್ನೇ ತಾನು ಎಷ್ಟು ಸಲ ಹಾಯ್ದರೆ
ಬರೀ ಬಳೆಯಾದೀತು?
ಐದು ಸಲ ಸಾಕು, ಮಾಡಿ ತೋರಿಸಿದಳು.
ನಾಲ್ಕರಲ್ಲಿ ಆಗುವುದೇ ಇಲ್ಲ ಅನ್ನುವುದಕ್ಕೆ
ಆರು ವರ್ಷ ಹಿಡಿದಿತ್ತು ಅವಳಿಗೆ.
ಮೂವತ್ತೆಂಟು ಪುಟ. ಇನ್ನೂ ಅಚ್ಚಿಗೆ ಹೋಗಿರಲಿಲ್ಲ.

ನಲವತ್ತನೆಯ ನಿಮಿಷ. ಬೋರ್ಡಿನ ಎಡಕ್ಕೆ ದೊಡ್ಡ ಚಿತ್ರ:
ಹದಿನೇಳು ಕಡೆ ಎಳೆಯ ಮೇಲೆ ಎಳೆ,
ಅಡಿಗೆ ಹೋಗುವಲ್ಲಿ ಗೆರೆ ತುಸು ಕಡಿದು
ಆಚೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ.
ಮೇಷ್ಟ್ರು ಕಣ್ಣು ಬಿಟ್ಟರೋ ಇಲ್ಲವೋ,
ಹಿಂದೆ ಕೂತ ನನಗೆ ಕಾಣಲಿಲ್ಲ. ದನಿ ಮಾತ್ರ ಬಂತು,
ಎಂದೋ ಕಲಿತ ಇಂಗ್ಲಿಷಿನಲ್ಲಿ,
‘ಮಗಳೇ’ ಅನ್ನುವುದೊಂದು ನಮ್ಮ ಮಾತಿನಲ್ಲಿ:
‘ಆ ಮೂಲೆಯದು, ಮಗಳೇ. ಮೇಲೋ, ಕೆಳಗೋ?’

‘ಮೇಲೆ’ ಅಂದಳು.
ಆಮೇಲೆ, ‘ಕೆಳಗೆ.’
ಆಮೇಲೆ ಏನೂ ಅನ್ನಲಿಲ್ಲ.

ಹೀಟರು ಟಿಕ್ಕೆಂದಿತು. ಕಿಟಕಿಯಾಚೆ ರಿಯೋನಿ ನದಿ
ಕಲ್ಲುಗಳನ್ನು ಉರುಳಿಸುತ್ತಿತ್ತು, ಅದರ ಪಾಡಿಗೆ.
ಇಂಥ ಮೌನ ತುಂಬುವುದು ನನ್ನ ಕೆಲಸ, ಗೊತ್ತು;
ಬಾಯಿ ತೆರೆಯಲಾಗಲಿಲ್ಲ.
ತೋಳಿನಿಂದ ಒರೆಸಿದಳು, ಬರೆದಳು, ಮತ್ತೆ ಒರೆಸಿದಳು.
ಲಷಾ ಎದ್ದು ಹೋಗಿ ಹಗ್ಗದ ಒಂದು ಮಗ್ಗುಲು ಹಿಡಿದ,
ಯಾರೂ ಹೇಳಿರಲಿಲ್ಲ.
ಕುದುರೆಗೆ ಇನ್ನೂ ಹಿಂಗಾಲು ಬಂದಿರಲಿಲ್ಲ.

‘ಇಪ್ಪತ್ತೊಂದನೆಯ ಪುಟದಲ್ಲಿ ಮೇಲೆಂದು ನಂಬಿದ್ದೇನೆ,’
ಬೋರ್ಡಿಗೇ ಹೇಳಿದಳು,
‘ಮೂವತ್ತರಲ್ಲಿ ಕೆಳಗೆಂದು.’
ಬಂದು ಮೇಷ್ಟ್ರ ಪಕ್ಕದಲ್ಲಿ ಕೂತಳು.
ಇಬ್ಬರೂ ಚಿತ್ರವನ್ನು ನೋಡಿದರು,
ಬಸ್ಸು ಕಾಯುವವರ ಹಾಗೆ.
ಅಂದು ಮೊದಲ ಸಲ ಚಹ ಆರಿತು.
ಮೆರಾಬ್ ಕೂಡ ಏಳಲಿಲ್ಲ.

ಹೊರಡುವಾಗ ಕೇಳಿದಳು: ಅಳಿಸಬೇಡಿ ಅನ್ನುವುದನ್ನು
ನಿಮ್ಮ ಅಕ್ಷರದಲ್ಲಿ ಹೇಗೆ ಬರೆಯುತ್ತೀರಿ?
ಬರೆದುಕೊಟ್ಟೆ. ನೋಡಿ ನೋಡಿ ತಿದ್ದಿದಳು.
ನೆಲ ಒರೆಸುವ ನಾನುಲಿ ಅದರ ಅಂಚಿಗೆ
ಒದ್ದೆ ಬಟ್ಟೆಯ ಗೆರೆ ಎಳೆದು
ಉಳಿದದ್ದನ್ನೆಲ್ಲ ತೊಳೆದಿಟ್ಟಳು.
ಲೆಕ್ಕಪತ್ರದ ಗುಲ್ನಾರಾ ರಸೀತಿ ವಾಪಸು ಮಾಡಿದಳು:
ಗಣಿತಕ್ಕೆ ಹಗ್ಗವೇಕೆ, ಯಾರನ್ನು ಕಟ್ಟಿದಿರಿ?

ಈಗ ದಿನಾ ಹತ್ತಕ್ಕೆ ಇರೊದಿ ಮೇಷ್ಟ್ರು,
ಕೋಟಿನಲ್ಲೇ, ಆ ಮೂಲೆಯೆದುರು.
ಓಲುವಿನಿಂದ ಒಂದೇ ಸಾಲು ಬಂದಿದೆ:
ಇಪ್ಪತ್ತೊಂದು ಉಳಿಯಿತು, ಮೂವತ್ತು ಹೋಯಿತು.
ಓದಿ ಹೇಳಿದೆ. ತಲೆಯಾಡಿಸಿದರು,
ಹೌದೆಂದೋ ಅಲ್ಲವೆಂದೋ.

ಈ ಗುರುವಾರದವರು ಕ್ಲೂಜಿನಿಂದ, ಅವಿಭಾಜ್ಯ ಸಂಖ್ಯೆಗಳ ಬಗ್ಗೆ.
ಇಡೀ ಬೋರ್ಡು ಬೇಕು ಅಂದರು.
ಅರ್ಧ ಕೊಟ್ಟೆ.