ಅರ್ಧ ಅಳತೆ

ಏಪ್ರಿಲಿನಲ್ಲೂ ನನಗೆ ಚಳಿ.
ತೋಟಗಳೆಲ್ಲ ಬೆಳ್ಳಗೆ ಹೂ ಬಿಟ್ಟು,
ವಿರಾಜಪೇಟೆಯ ಗಡಿಯಾರ ಕಂಬದ ಕೆಳಗೆ ಜನ
ಬೆವರೊರೆಸಿಕೊಳ್ಳುವಾಗ
ನಾನು ಸ್ವೆಟರ್ ಹಾಕಿ ಮೆಷಿನ್ ತುಳಿಯುತ್ತಿದ್ದೆ.
ಕೊಡಗಿನವಳು ಚಳಿ ಅಂದರೆ ಯಾರು ಬೆಚ್ಚುತ್ತಾರೆ?
"ಇಲ್ಲಿ ಎಲ್ಲರಿಗೂ ಚಳಿಯೇ" ಅಂದರು ಫಿಲೋಮಿನಾ ಆಂಟಿ,
ನಾನು ಎರಡು ಸಲ ತಪ್ಪಿದ ಕಂಕುಳ ಹೊಲಿಗೆ ಬಿಚ್ಚುತ್ತಾ.

ಕೂದಲು ಬಾಚಣಿಗೆಯ ಪಾಲು, ಗುಂಡಿಗಳು ಮರೆವಿನ ಪಾಲು,
ದನಿ ಯಾವುದೋ ಗಂಡಸಿನದು.
ಸೋಮಾರಿ ಅಂದರು. ಮದುವೆ ವಯಸ್ಸು ಅಂದರು.
ನಾನು ಮೊದಲನೆಯದನ್ನು ನಂಬಿದೆ.

ಮಡಿಕೇರಿಯ ಡಾಕ್ಟರು ರಕ್ತದ ಚೀಟಿ ನೋಡಿ
ನೇರ ಕುತ್ತಿಗೆಗೆ ಬಂದರು:
"ಚಿಕ್ಕವಳಿದ್ದಾಗ ಇಲ್ಲಿಗೆ ಕರೆಂಟ್ ಕೊಟ್ಟಿದ್ದರಾ?"
ಕೊಟ್ಟಿದ್ದರು. ಹನ್ನೊಂದರಲ್ಲಿ, ಮೈಸೂರಲ್ಲಿ,
ಇಪ್ಪತ್ತು ದಿನ, ಕಣ್ಣಿಗೆ ಕಾಣದ ಬೆಳಕು,
ಶನಿವಾರ ಭಾನುವಾರ ರಜೆ.
ಬದುಕಿಸಿದ್ದರು.
ಅದರ ಬಾಕಿ ಈಗ ಬಂದಿದೆ,
ಹದಿಮೂರು ವರ್ಷ ವಿಳಾಸ ಹುಡುಕಿಕೊಂಡು.

ಕಾಗದದ ಮೇಲೆ ಚಿಟ್ಟೆ ಬರೆದು ತೋರಿಸಿದರು.
ನನಗೆ ಕಂಡದ್ದು ಫ್ರಾಕಿನ ಕೊರಳಿಗೆ ಕಟ್ಟುವ ಬೋ,
ಇಸ್ತ್ರಿ ಜಾಸ್ತಿ ತಾಗಿ ಮುರುಟಿದ್ದು.

ಹಳೇ ಫೈಲಿನ ಕೊನೆ ಹಾಳೆಯಲ್ಲಿ ಬರೆದೇ ಇತ್ತು:
ವರ್ಷಕ್ಕೊಮ್ಮೆ ಥೈರಾಯ್ಡ್ ನೋಡಿಸಿ.
ಅವ್ವ ಅದನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಅಟ್ಟಕ್ಕೇರಿಸಿದ್ದಳು,
ಬಿಚ್ಚಿದರೆ ಕಾಯಿಲೆಗೆ ಎಚ್ಚರವಾದೀತು ಅಂತ.
ಬಯ್ಯಲು ಬಾಯಿ ತೆರೆದೆ. ಬಯ್ಯಲಿಲ್ಲ.

ಫೈಲಿನ ಹಿಂದೆ ಆ ಮುಖವಾಡವೂ ಇತ್ತು:
ಬಿಳಿ ಜಾಲರಿ, ನನ್ನ ಹನ್ನೊಂದರ ಮೂಗು, ಗಲ್ಲ, ಕೊರಳು.
ಬಾಯಿದ್ದ ಕಡೆ ಜೇಡ ಮನೆ ಮಾಡಿತ್ತು.
ಟೇಪು ಹೆಗಲ ಮೇಲೇ ಇತ್ತು, ಅಳೆದೆ.
ಈ ಕಿವಿಯ ಕೆಳಗಿಂದ ಆ ಕಿವಿಯ ಕೆಳಗೆ
ಐದೂವರೆ ಇಂಚು.
ಮುಂಭಾಗ ಮಾತ್ರ. ಹಿಂಭಾಗ ಮೇಜಿಗೆ ಬಿಟ್ಟದ್ದು.
ಅಂದಾಜಿಗೆ ಹನ್ನೊಂದು ಅಂತ ಬರೆದುಕೊಂಡೆ
ಬಿಲ್ ಪುಸ್ತಕದಲ್ಲಿ. ಗಿರಾಕಿಯ ಹೆಸರು: ದೇಚು.
ಡೆಲಿವರಿ ದಿನಾಂಕದ ಜಾಗ ಖಾಲಿ ಬಿಟ್ಟೆ.

ಈಗ ಬೆಳಿಗ್ಗೆ ಆರಕ್ಕೆ ಬೇಳೆಯಷ್ಟು ಮಾತ್ರೆ, ಬರೀ ನೀರು.
ಕಾಫಿಗೆ ಒಂದು ಗಂಟೆ ಕಾಯಬೇಕು,
ಈ ಊರಲ್ಲಿ, ಈ ವಾಸನೆಯಲ್ಲಿ!
ಒಲೆಯ ಮೇಲೆ ಬೆಲ್ಲದ ಕಾಫಿ ಮುಚ್ಚಿಟ್ಟು
ಅವ್ವನೂ ಕುಡಿಯದೆ ಕೂರುತ್ತಾಳೆ, ನನ್ನೆದುರು,
ಬೇಡ ಅಂದರೂ.
ಏಳಕ್ಕೆ ಐದು ನಿಮಿಷ ಇರುವಾಗ ಎದ್ದು
ತೊಳೆದ ಲೋಟಗಳನ್ನೇ
ಮತ್ತೊಮ್ಮೆ ತೊಳೆಯುತ್ತಾಳೆ.